ರಕ್ತ ಹುಡುಕುವ ಹೊರೆ ಯಾರ ಹೆಗಲಿಗೆ?

ಕಳೆದ ಬೇಸಿಗೆಯ ಒಂದು ರಾತ್ರಿ, ಬಂಧುವೊಬ್ಬರ ಶಸ್ತ್ರಚಿಕಿತ್ಸೆಗೆ ಬೇಕಾದ ರಕ್ತದ ಚೀಟಿ ಹಿಡಿದು ಕೊಪ್ಪಳದ ರಕ್ತನಿಧಿಯೊಂದರ ಬಾಗಿಲಲ್ಲಿ ಕುಳಿತಿದ್ದೆ. ಎರಡು ಗಂಟೆಯ ಸುಮಾರಿಗೆ ಕುಷ್ಟಗಿ ಕಡೆಯ ರೈತರೊಬ್ಬರು ಏದುಸಿರು ಬಿಡುತ್ತ ಬಂದರು. ಅಂಗಿಯ ಜೇಬಿನಿಂದ ಕರವಸ್ತ್ರ ತೆಗೆದು, ಅದರಲ್ಲಿ ಸುತ್ತಿಟ್ಟಿದ್ದ ಪುಟ್ಟ ಟ್ಯೂಬನ್ನು ಕಿಟಕಿಯಲ್ಲಿ ಇಟ್ಟರು. ಕೊಪ್ಪಳದ್ದೇ ಒಂದು ಆಸ್ಪತ್ರೆಯಲ್ಲಿ ಹೆಂಡತಿಗೆ ಹೆರಿಗೆಯಾಗಿತ್ತು, ರಕ್ತಸ್ರಾವ ನಿಂತಿರಲಿಲ್ಲ. ಟ್ಯೂಬಿಗೆ ಅಂಟಿಸಿದ ಬಿಳಿ ಪಟ್ಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ‘ಹುಲಿಗೆಮ್ಮ’ ಎಂದಷ್ಟೇ ಬರೆದಿತ್ತು. ಬೆವರಿಗೆ ಕೊನೆಯ ಅಕ್ಷರ ಕದಡಿಹೋಗಿತ್ತು. ಒಳಗಿದ್ದ ತಂತ್ರಜ್ಞೆ ಅದನ್ನು ದೀಪಕ್ಕೆ ಹಿಡಿದು ನೋಡಿ, ‘ಅಣ್ಣಾ, ಇದರ ಮೇಲೆ ಒಳರೋಗಿ ಸಂಖ್ಯೆ ಇಲ್ಲ, ವಯಸ್ಸು ಇಲ್ಲ, ರಕ್ತ ತೆಗೆದವರ ಸಹಿ ಇಲ್ಲ. ಇದನ್ನು ನಾನು ತೆಗೆದುಕೊಳ್ಳುವ ಹಾಗಿಲ್ಲ. ಇನ್ನೊಂದು ಸಲ ರಕ್ತ ತೆಗೆಸಿಕೊಂಡು ಬನ್ನಿ’ ಎಂದರು.

ಅಲ್ಲಿದ್ದ ನಮಗೆಲ್ಲ ಸಿಟ್ಟು ನೆತ್ತಿಗೇರಿತು. ಒಂದು ಜೀವ ಹೋಗುತ್ತಿರುವಾಗ ಕಾಗದದ ಮಾತು ಆಡುತ್ತಿದ್ದೀರಲ್ಲ ಎಂದು ನಾನೂ ದನಿ ಎತ್ತಿದೆ. ಆ ಹೆಣ್ಣುಮಗಳು ಕದಲಲಿಲ್ಲ. ಅವರು ಮಾಡಿದ್ದು ಸರಿ ಎಂದು ನನಗೆ ಮನವರಿಕೆಯಾಗಲು ಕೆಲವು ತಿಂಗಳು ಓದಬೇಕಾಯಿತು, ತಿಳಿದವರನ್ನು ಕೇಳಬೇಕಾಯಿತು. ತಪ್ಪು ಇದ್ದದ್ದು ಆ ಕಿಟಕಿಯಲ್ಲಲ್ಲ. ಬಾಣಂತಿಯ ಗಂಡ ನಡುರಾತ್ರಿ ಜೇಬಿನಲ್ಲಿ ಟ್ಯೂಬು ಇಟ್ಟುಕೊಂಡು ಓಡಬೇಕಾದ ಏರ್ಪಾಡಿನಲ್ಲಿ ತಪ್ಪಿತ್ತು. ಬಳ್ಳಾರಿ, ರಾಯಚೂರು, ಕೊಪ್ಪಳದ ಕಡೆ ಆಸ್ಪತ್ರೆ ಕಂಡವರಿಗೆಲ್ಲ ಈ ಓಟ ಗೊತ್ತು. ‘ಎರಡು ಬಾಟಲಿ ರಕ್ತ ತನ್ನಿ’ ಎಂಬ ಮಾತು ಕಿವಿಗೆ ಬಿದ್ದ ಕ್ಷಣದಿಂದ ಮನೆಯವರು ಮೊಬೈಲ್ ಹಿಡಿದು ಸಿಕ್ಕಸಿಕ್ಕವರಿಗೆ ಕರೆ ಮಾಡತೊಡಗುತ್ತಾರೆ. ಆ ಓಟದ ಬಹುಪಾಲು ಬೇಕಿಲ್ಲದ್ದು. ಅದು ಏಕೆ ಬೇಕಿಲ್ಲ ಎಂದು ತಿಳಿಯಲು ರಕ್ತದ ಗುಂಪು ಎಂದರೆ ಏನು ಎಂಬಲ್ಲಿಂದ ಹೊರಡಬೇಕು.

ಕೆಂಪು ರಕ್ತಕಣದ ಮೈಮೇಲೆ ಸಕ್ಕರೆಯ ಅಣುಗಳಿಂದಾದ ಗುರುತುಗಳಿರುತ್ತವೆ. ಎ ಗುರುತಿಗೂ ಬಿ ಗುರುತಿಗೂ ಇರುವ ವ್ಯತ್ಯಾಸ ತುದಿಯಲ್ಲಿರುವ ಒಂದೇ ಒಂದು ಸಕ್ಕರೆಯದು. ಎರಡೂ ಇದ್ದರೆ ಎಬಿ, ಎರಡೂ ಇಲ್ಲದಿದ್ದರೆ ಒ. ಇಷ್ಟು ಸಣ್ಣ ವ್ಯತ್ಯಾಸವನ್ನೂ ದೇಹ ಬಿಡದೆ ಗುರುತಿಸುತ್ತದೆ. ಹೊರಗಿನದನ್ನು ಗುರುತಿಸಿ ಅದರ ಮೇಲೆ ಎರಗುವ ಅಣುಗಳಿಗೆ ಪ್ರತಿಕಾಯ ಎನ್ನುತ್ತಾರೆ. ಎ ಗುಂಪಿನವರ ರಕ್ತದ್ರವದಲ್ಲಿ ಬಿ ವಿರುದ್ಧದ ಪ್ರತಿಕಾಯಗಳು, ಬಿ ಗುಂಪಿನವರಲ್ಲಿ ಎ ವಿರುದ್ಧದ ಪ್ರತಿಕಾಯಗಳು, ಒ ಗುಂಪಿನವರಲ್ಲಿ ಎರಡರ ವಿರುದ್ಧವೂ ಕಾದು ನಿಂತಿರುತ್ತವೆ. ಯಾರಿಂದಲೂ ರಕ್ತ ಪಡೆಯದವರಲ್ಲೂ ಇವು ಇರುತ್ತವೆ. ನಮ್ಮ ಕರುಳಿನಲ್ಲಿ ನೆಲೆಸಿರುವ ಬ್ಯಾಕ್ಟೀರಿಯಾಗಳ ಮೈಮೇಲೂ ಇಂಥವೇ ಸಕ್ಕರೆಗಳಿರುವುದರಿಂದ, ಕೂಸು ಹುಟ್ಟಿದ ಕೆಲವೇ ತಿಂಗಳಲ್ಲಿ ದೇಹ ಅವುಗಳ ವಿರುದ್ಧ ಪ್ರತಿಕಾಯ ಕಟ್ಟಿಕೊಳ್ಳುತ್ತದೆ. ಆದ್ದರಿಂದಲೇ ತಪ್ಪು ರಕ್ತ ಮೊದಲ ಸಲವೇ ಪ್ರಾಣ ತೆಗೆಯಬಲ್ಲದು.

ಇದನ್ನು ಕಂಡುಹಿಡಿದವರು ವಿಯೆನ್ನಾದ ಕಾರ್ಲ್ ಲ್ಯಾಂಡ್‌ಸ್ಟೈನರ್. ತಮ್ಮದೂ ಸಹೋದ್ಯೋಗಿಗಳದೂ ರಕ್ತ ತೆಗೆದು, ಒಬ್ಬರ ಕಣಗಳನ್ನು ಇನ್ನೊಬ್ಬರ ದ್ರವದೊಡನೆ ಬೆರೆಸಿ ನೋಡಿ, 1901ರಲ್ಲಿ ಫಲಿತಾಂಶ ಪ್ರಕಟಿಸಿದರು. 1930ರಲ್ಲಿ ನೊಬೆಲ್ ಬಂತು. ಅವರು ಹುಟ್ಟಿದ ಜೂನ್ 14 ಇಂದು ವಿಶ್ವ ರಕ್ತದಾನಿಗಳ ದಿನ.

ಗುಂಪು ನೋಡುವ ಕೆಲಸವನ್ನು ಒಮ್ಮೆ ಹತ್ತಿರದಿಂದ ನೋಡಬೇಕು. ಬಿಳಿ ಹಂಚಿನ ಮೇಲೆ ಮೂರು ಹನಿ ರಕ್ತ. ಮೊದಲನೆಯದಕ್ಕೆ ನೀಲಿ ದ್ರಾವಣ, ಅದು ಎ ವಿರುದ್ಧದ ಪ್ರತಿಕಾಯ. ಎರಡನೆಯದಕ್ಕೆ ಹಳದಿ, ಅದು ಬಿ ವಿರುದ್ಧದ್ದು. ಮೂರನೆಯದಕ್ಕೆ ಬಣ್ಣವಿಲ್ಲದ್ದು, ಅದು ಆರ್‌ಎಚ್ ಎಂಬ ಇನ್ನೊಂದು ಗುರುತಿಗೆ. ಆ ಗುರುತು ಇದ್ದರೆ ಪಾಸಿಟಿವ್, ಇಲ್ಲದಿದ್ದರೆ ನೆಗೆಟಿವ್. ಕಡ್ಡಿಯಿಂದ ಕದಡಿ ಹಂಚನ್ನು ಅತ್ತಿತ್ತ ವಾಲಿಸುತ್ತ ಹೋದರೆ, ಕೆಲವು ಹನಿಗಳು ನುಣ್ಣಗೆ ಹಾಗೆಯೇ ಉಳಿಯುತ್ತವೆ. ಕೆಲವು ಹಾಲು ಒಡೆದಂತೆ ಕಾಳುಕಾಳಾಗುತ್ತವೆ. ಎಲ್ಲಿ ಒಡೆಯಿತೋ ಅಲ್ಲಿ ಆ ಗುರುತು ಇದೆ ಎಂದು ಅರ್ಥ. ಹಂಚಿನ ಮೇಲೆ ಕಣ್ಣಿಗೆ ಕಾಣುವ ಈ ಬಡಿದಾಟ ಮನುಷ್ಯನ ರಕ್ತನಾಳದೊಳಗೆ ನಡೆದರೆ ಏನಾಗಬಹುದು ಎಂದು ಊಹಿಸಿಕೊಳ್ಳಿ. ಅಲ್ಲಿ ಕೆಂಪುಕಣಗಳು ಸಿಡಿದು ಚೂರಾಗುತ್ತವೆ. ಚಳಿ, ನಡುಕ, ಸೊಂಟದಲ್ಲಿ ನೋವು, ಕಪ್ಪಗಾದ ಮೂತ್ರ, ರಕ್ತದೊತ್ತಡ ಕುಸಿತ, ಮೂತ್ರಪಿಂಡಕ್ಕೆ ಪೆಟ್ಟು. ಇಡೀ ಚೀಲ ಹೋಗಬೇಕೆಂದಿಲ್ಲ, ಮೊದಲ ಕೆಲವು ಚಮಚಗಳಷ್ಟೇ ಸಾಕು. ರಕ್ತ ಏರಿಸುವಾಗ ಮೊದಲ ಹದಿನೈದು ನಿಮಿಷ ನರ್ಸ್ ಪಕ್ಕದಲ್ಲೇ ಇರಬೇಕು ಎನ್ನುವುದು ಇದಕ್ಕೇ. ರೋಗಿಯ ಬಳಿ ಕುಳಿತ ಮನೆಯವರೂ ‘ಚಳಿ ಆಗುತ್ತಿದೆಯಂತೆ’ ಎಂದು ಕೂಗಿ ಹೇಳಲು ಹಿಂಜರಿಯಬಾರದು.

ಇಂಥ ಅನಾಹುತ ಹೆಚ್ಚಾಗಿ ಆಗುವುದು ವಿಜ್ಞಾನ ಸೋತಲ್ಲಿ ಅಲ್ಲ, ಹೆಸರು ಅದಲುಬದಲಾದಲ್ಲಿ. ಒಬ್ಬರಿಂದ ತೆಗೆದ ರಕ್ತಕ್ಕೆ ಇನ್ನೊಬ್ಬರ ಹೆಸರು ಬೀಳುವುದು, ಒಬ್ಬರಿಗೆ ಬಂದ ಚೀಲ ಪಕ್ಕದ ಮಂಚಕ್ಕೆ ಹೋಗುವುದು. ಹೆಸರಿನ ವಿಷಯದಲ್ಲಿ ನಮ್ಮ ಸೀಮೆಯ ಪರಿಸ್ಥಿತಿ ಎಲ್ಲರಿಗೂ ಗೊತ್ತಿದ್ದದ್ದೇ. ಮುನಿರಾಬಾದಿನ ಬಳಿ ಹುಲಿಗಿಯಲ್ಲಿ ತಾಯಿ ಹುಲಿಗೆಮ್ಮ ನೆಲೆಸಿದ್ದಾಳೆ. ಸುತ್ತಲ ಊರುಗಳಲ್ಲಿ ಹರಕೆ ಹೊತ್ತು ಅವಳ ಹೆಸರಿಟ್ಟ ಮನೆಗಳಿಗೆ ಲೆಕ್ಕವಿಲ್ಲ. ಹೆರಿಗೆ ವಾರ್ಡಿನಲ್ಲಿ ನಿಂತು ‘ಹುಲಿಗೆಮ್ಮಾ’ ಎಂದು ಕರೆದರೆ ಇಬ್ಬರು ಮೂವರು ತಿರುಗಿ ನೋಡುತ್ತಾರೆ. ಹನುಮವ್ವ, ಯಲ್ಲಮ್ಮ, ಲಕ್ಷ್ಮಿ ಎಂದು ಕೂಗಿದರೂ ಅಷ್ಟೇ. ಬರಿಯ ಹೆಸರಿನ ಟ್ಯೂಬು ಯಾರದು ಎಂದು ಆ ತಂತ್ರಜ್ಞೆ ಹೇಗೆ ನಂಬಬೇಕಿತ್ತು? ಒಳರೋಗಿ ಸಂಖ್ಯೆ ಎಂಬ ನಾಲ್ಕೈದು ಅಂಕಿಗಳು ಇಲ್ಲಿ ಕಚೇರಿಯ ಶಿಸ್ತಿನ ಮಾತಲ್ಲ. ಈ ಹುಲಿಗೆಮ್ಮನನ್ನು ಆ ಹುಲಿಗೆಮ್ಮನಿಂದ ಬೇರ್ಪಡಿಸುವುದು ಅದೊಂದೇ.

ಗುಂಪು ಗೊತ್ತಾದ ಮೇಲೂ ಕೆಲಸ ಮುಗಿಯುವುದಿಲ್ಲ. ಎ, ಬಿ, ಒ ಮತ್ತು ಆರ್‌ಎಚ್ ಅಲ್ಲದೆ ಕೆಂಪುಕಣದ ಮೇಲೆ ಇನ್ನೂ ಹಲವಾರು ಗುರುತುಗಳಿವೆ. ಹಿಂದೆ ರಕ್ತ ಪಡೆದವರಲ್ಲಿ, ಹಲವು ಬಾರಿ ಬಸುರಾದವರಲ್ಲಿ ಅವುಗಳ ವಿರುದ್ಧ ಪ್ರತಿಕಾಯ ಬೆಳೆದಿರಬಹುದು. ಆದ್ದರಿಂದ ದಾನಿಯ ಕಣಗಳನ್ನು ರೋಗಿಯ ರಕ್ತದ್ರವದೊಡನೆ ಬೆರೆಸಿ, ದೇಹದ ಉಷ್ಣತೆಯಲ್ಲಿ ಇಟ್ಟು, ಒಡೆಯುತ್ತದೆಯೋ ಇಲ್ಲವೋ ನೋಡುತ್ತಾರೆ. ಇದು ಹೊಂದಾಣಿಕೆ ಪರೀಕ್ಷೆ, ಬಾಯಿಮಾತಿನಲ್ಲಿ ಕ್ರಾಸ್‌ಮ್ಯಾಚ್. ಮುಕ್ಕಾಲು ತಾಸಿನಿಂದ ಒಂದು ತಾಸು ಹಿಡಿಯುತ್ತದೆ. ‘ರಕ್ತ ಇದೆ ಎನ್ನುತ್ತೀರಿ, ಕೊಡಲು ಏಕೆ ತಡ’ ಎಂದು ಕಿಟಕಿಯ ಮುಂದೆ ಜಗಳ ತೆಗೆಯುವವರಿಗೆ ಉತ್ತರ ಆ ಒಂದು ತಾಸಿನಲ್ಲಿದೆ. ಥಲಸ್ಸೇಮಿಯಾ ಎಂಬ ಹುಟ್ಟಿನಿಂದ ಬರುವ ರಕ್ತದ ಕಾಯಿಲೆ ಇರುವ ಮಕ್ಕಳಿಗೆ ಎರಡು ವಾರಕ್ಕೋ ನಾಲ್ಕು ವಾರಕ್ಕೋ ಒಮ್ಮೆ ರಕ್ತ ಬೇಕು. ಅವರ ಪಾಲಿಗಂತೂ ಈ ಸಣ್ಣ ಗುರುತುಗಳ ಹೊಂದಾಣಿಕೆಯೇ ಆಯುಸ್ಸಿನ ಲೆಕ್ಕ.

ಒ ನೆಗೆಟಿವ್ ಕೆಂಪುಕಣಗಳನ್ನು ತುರ್ತಿನಲ್ಲಿ ಯಾರಿಗಾದರೂ ಕೊಡಬಹುದು ಎಂದು ಶಾಲೆಯಲ್ಲಿ ಓದಿರುತ್ತೇವೆ. ಪ್ಲಾಸ್ಮಾದಲ್ಲಿ, ಅಂದರೆ ರಕ್ತದ್ರವದಲ್ಲಿ, ಈ ಲೆಕ್ಕ ತಿರುವುಮುರುವು: ಅಲ್ಲಿ ಎಲ್ಲರಿಗೂ ಒಗ್ಗುವುದು ಎಬಿ. ಈ ಎರಡನೆಯ ಮಾತು ಜನರಿಗೆ ತಲುಪಿಲ್ಲ. ಮೊದಲನೆಯದಕ್ಕೂ ಒಂದು ಮಿತಿ ಇದೆ. ಭಾರತೀಯರಲ್ಲಿ ಆರ್‌ಎಚ್ ನೆಗೆಟಿವ್ ಇರುವವರು ನೂರಕ್ಕೆ ಐವರ ಆಸುಪಾಸು, ಯುರೋಪಿನವರಲ್ಲಿ ಹದಿನೈದರ ಹತ್ತಿರ. ನಮ್ಮಲ್ಲಿ ಬಿ ಮತ್ತು ಒ ಗುಂಪಿನವರೇ ಹೆಚ್ಚು. ಹೀಗಿರುವಾಗ ಅಪಘಾತಕ್ಕೆ ಸಿಕ್ಕ ಗಂಡಸಿಗೂ ಒ ನೆಗೆಟಿವ್ ಹುಡುಕುತ್ತ ಕೂರುವುದು ಹೊತ್ತು ಕಳೆದಂತೆ. ಆರ್‌ಎಚ್ ವಿರುದ್ಧ ಪ್ರತಿಕಾಯ ಎ, ಬಿ ವಿರುದ್ಧದವುಗಳಂತೆ ಮೊದಲೇ ಸಿದ್ಧವಾಗಿ ಇರುವುದಿಲ್ಲ. ಹಾಗಾಗಿ ಪ್ರಾಣಾಪಾಯದಲ್ಲಿ ಗಂಡಸರಿಗೆ, ಮಕ್ಕಳಾಗುವ ವಯಸ್ಸು ದಾಟಿದ ಹೆಂಗಸರಿಗೆ ಒ ಪಾಸಿಟಿವ್ ಕೊಟ್ಟು ಉಳಿಸಿಕೊಳ್ಳುವುದು ವೈದ್ಯರು ಒಪ್ಪಿದ ದಾರಿ. ಇರುವ ಅಷ್ಟಿಷ್ಟು ಒ ನೆಗೆಟಿವ್ ಅನ್ನು ಹೆರುವ ವಯಸ್ಸಿನ ಹೆಣ್ಣುಮಕ್ಕಳಿಗೆ ಮೀಸಲಿಡುವುದು ವಿವೇಕ.

ಈಗ ಆ ರೈತರ ಕಡೆ ಮರಳುತ್ತೇನೆ. ಟ್ಯೂಬು ಹಿಡಿದು ತಿರುಗಿ ಹೊರಟವರು ನನ್ನೆದುರು ನಿಂತು, ‘ನನ್ನದು ಬಿ ಪಾಸಿಟಿವ್, ಅವಳದು ಒ ಪಾಸಿಟಿವ್. ನನ್ನ ರಕ್ತ ಅವಳಿಗೆ ಬರುವುದಿಲ್ಲ. ಹನ್ನೆರಡು ಜನಕ್ಕೆ ಫೋನ್ ಮಾಡಿದೆ, ಒ ಇರುವವರು ಒಬ್ಬರೂ ಸಿಗಲಿಲ್ಲ’ ಎಂದು ಕಣ್ಣೀರು ಹಾಕಿದರು. ಒಳಗೆ ಫ್ರಿಜ್‌ನಲ್ಲಿ ಒ ಪಾಸಿಟಿವ್ ಇತ್ತು. ಬದಲಿಗೆ ಒಬ್ಬರು ರಕ್ತ ಕೊಡಬೇಕು ಎಂದು ಅವರಿಗೆ ಯಾರೋ ಹೇಳಿದ್ದರು. ಆ ಬದಲಿ ರಕ್ತ ಒ ಗುಂಪಿನದೇ ಆಗಬೇಕಿಲ್ಲ ಎಂದು ಮಾತ್ರ ಯಾರೂ ಹೇಳಿರಲಿಲ್ಲ. ದಾಸ್ತಾನಿನಲ್ಲಿ ಬೇಕಾದ ಗುಂಪು ಇದ್ದರೆ, ಬದಲಿಗೆ ಕೊಡುವವರ ಗುಂಪು ಯಾವುದಾದರೂ ನಡೆಯುತ್ತದೆ. ಅದು ಇನ್ನಾರಿಗೋ ಹೋಗುತ್ತದೆ. ಈ ಒಂದು ವಾಕ್ಯ ತಿಳಿಯದೆ ನಮ್ಮ ಊರುಗಳಲ್ಲಿ ಎಷ್ಟು ಮಂದಿ ರಾತ್ರಿಯಿಡೀ ಪರದಾಡುತ್ತಾರೆ! ಪ್ರತಿ ರಕ್ತನಿಧಿಯ ಗೋಡೆಯ ಮೇಲೆ ಇದನ್ನು ದಪ್ಪ ಅಕ್ಷರದಲ್ಲಿ ಬರೆಸಬೇಕು. ಓದು ಬಾರದವರಿಗೆ ಬಾಯಿಬಿಟ್ಟು ಹೇಳಬೇಕು.

ಇನ್ನು, ಬದಲಿ ರಕ್ತ ಕೊಡಲೇಬೇಕು ಎಂಬ ಪಟ್ಟೇ ಸರಿಯಲ್ಲ. 2002ರ ರಾಷ್ಟ್ರೀಯ ರಕ್ತ ನೀತಿ ಈ ಪದ್ಧತಿಯನ್ನು ಕ್ರಮೇಣ ಕೈಬಿಟ್ಟು, ಸ್ವಯಂಪ್ರೇರಿತ ದಾನದ ಮೇಲೆಯೇ ನಿಲ್ಲಬೇಕು ಎಂದಿದೆ. ಬದಲಿ ಕೇಳಿದಲ್ಲೆಲ್ಲ ರಕ್ತ ಮಾರುವವರು ಹುಟ್ಟಿಕೊಳ್ಳುತ್ತಾರೆ. ದಿಕ್ಕು ತೋಚದ ಮನೆಯವರು ಯಾರನ್ನೋ ‘ನಮ್ಮ ಅಳಿಯ’ ಎಂದು ಹೇಳಿ ಕರೆತರುತ್ತಾರೆ. ಅವನು ಹಣಕ್ಕಾಗಿ ತನ್ನ ಕಾಯಿಲೆ ಮುಚ್ಚಿಡುತ್ತಾನೆ. 1996ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪಿನಂತೆ 1998ರ ಜನವರಿ 1ರಿಂದ ರಕ್ತ ಮಾರುವುದು ನಿಷಿದ್ಧವಾಯಿತು. ರಕ್ತಕ್ಕೆ ಬೆಲೆ ಇಲ್ಲ, ಪರೀಕ್ಷೆ ಮತ್ತು ಸಂಸ್ಕರಣೆಯ ಖರ್ಚು ಮಾತ್ರ ತೆಗೆದುಕೊಳ್ಳಬಹುದು. ಖಾಸಗಿ ರಕ್ತನಿಧಿಗಳಿಗೆ ಒಂದು ಚೀಲ ಕೆಂಪುಕಣಕ್ಕೆ 1,550 ರೂಪಾಯಿಯ ಮಿತಿಯನ್ನು ರಾಷ್ಟ್ರೀಯ ರಕ್ತ ಪೂರಣ ಮಂಡಳಿ ಗೊತ್ತುಮಾಡಿದೆ. ಥಲಸ್ಸೇಮಿಯಾ, ರಕ್ತ ಸುಲಭವಾಗಿ ಹೆಪ್ಪುಗಟ್ಟದ ಹಿಮೋಫಿಲಿಯಾ ಇರುವವರಿಗೆ ಉಚಿತವಾಗಿ ಕೊಡಬೇಕು ಎಂಬುದೂ ನಿಯಮ.

‘ಹೊರಗಿನವರದು ಬೇಡ, ನಮ್ಮವರದೇ ರಕ್ತ ಹಾಕಿ’ ಎಂದು ಹಟ ಹಿಡಿಯುವವರೂ ಇದ್ದಾರೆ. ನಮ್ಮ ಭಾಷೆಯಲ್ಲಿ ರಕ್ತಸಂಬಂಧಕ್ಕಿಂತ ದೊಡ್ಡದಿಲ್ಲ. ಆದರೆ ರಕ್ತ ಕೊಡುವ ವಿಷಯದಲ್ಲಿ ಈ ನಂಬಿಕೆ ಉಲ್ಟಾ ಹೊಡೆಯುತ್ತದೆ. ಎ ಗುಂಪಿನ ಅಪ್ಪನಿಗೂ ಬಿ ಗುಂಪಿನ ಅವ್ವನಿಗೂ ಎ, ಬಿ, ಎಬಿ, ಒ ಹೀಗೆ ನಾಲ್ಕೂ ಗುಂಪಿನ ಮಕ್ಕಳು ಹುಟ್ಟಬಹುದು. ಒಡಹುಟ್ಟಿದವರ ರಕ್ತವೇ ಒಗ್ಗದಿರಬಹುದು. ಒಗ್ಗಿದರೂ ಬೇರೊಂದು ಅಪಾಯವಿದೆ. ಅಪ್ಪ, ಅವ್ವ, ಮಕ್ಕಳು, ಒಡಹುಟ್ಟಿದವರ ರಕ್ತದಲ್ಲಿರುವ ಬಿಳಿ ಕಣಗಳನ್ನು ರೋಗಿಯ ದೇಹ ಪರಕೀಯವೆಂದು ಗುರುತಿಸದೆ ಒಳಗೆ ಬಿಟ್ಟುಕೊಂಡರೆ, ಅವು ರೋಗಿಯ ಅಂಗಾಂಗಗಳ ಮೇಲೆಯೇ ಎರಗುತ್ತವೆ. ಇದು ಅಪರೂಪ, ಆದರೆ ಬಂದರೆ ಬದುಕುವುದು ಕಷ್ಟ. ವಿಕಿರಣ ಹಾಯಿಸಿದ ರಕ್ತ ಕೊಟ್ಟರೆ ಮಾತ್ರ ಇದನ್ನು ತಡೆಯಬಹುದು. ಇನ್ನು ಗಂಡನ ರಕ್ತವನ್ನು ಹೆರುವ ವಯಸ್ಸಿನ ಹೆಂಡತಿಗೆ ಏರಿಸದಿರುವುದೇ ಒಳ್ಳೆಯದು. ಗಂಡನ ಕಣಗಳ ಗುರುತುಗಳ ವಿರುದ್ಧ ಅವಳಲ್ಲಿ ಪ್ರತಿಕಾಯ ಬೆಳೆದರೆ, ಮುಂದೆ ಅದೇ ಗುರುತು ಹೊತ್ತು ಬರುವ ಕೂಸಿಗೆ ಕುತ್ತು. ಗುರುತು ಪರಿಚಯವಿಲ್ಲದ ಯಾರೋ ಒಬ್ಬ ಕಾಲೇಜು ಹುಡುಗ ತಿಂಗಳ ಹಿಂದೆ ಕೊಟ್ಟು, ಪರೀಕ್ಷೆ ದಾಟಿ, ಫ್ರಿಜ್‌ನಲ್ಲಿ ಕಾದಿರುವ ರಕ್ತ ತಮ್ಮನ ಬಿಸಿ ರಕ್ತಕ್ಕಿಂತ ಸುರಕ್ಷಿತ.

ಹಾಗಾದರೆ ಫ್ರಿಜ್ ಏಕೆ ಖಾಲಿಯಾಗುತ್ತದೆ? ಇಲ್ಲಿ ನಮ್ಮ ನೆಲದ ಕಷ್ಟ ಕಾಣುತ್ತದೆ. ರಕ್ತ ಕೊಡಲು ಹಿಮೋಗ್ಲೋಬಿನ್ ಕನಿಷ್ಠ 12.5 ಇರಬೇಕು, ತೂಕ 45 ಕಿಲೋ ಮೇಲಿರಬೇಕು. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49ರ ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ ಸುಮಾರು 48 ಮಂದಿಗೆ ರಕ್ತಹೀನತೆ. ಹೆರಿಗೆಯಲ್ಲಿ ರಕ್ತ ಬೇಕಾಗುವುದು ಇವರಿಗೇ. ಒಂಬತ್ತೋ ಎಂಟೋ ಹಿಮೋಗ್ಲೋಬಿನ್ ಇಟ್ಟುಕೊಂಡು ಹೆರಿಗೆಗೆ ಬರುವ ಹೆಣ್ಣುಮಗಳಿಗೆ ಅರ್ಧ ಲೀಟರ್ ರಕ್ತ ಹೋದರೂ ತಡೆದುಕೊಳ್ಳುವ ಶಕ್ತಿ ಇರುವುದಿಲ್ಲ. ಇವರಲ್ಲಿ ಕೊಡುವವರಾದರೂ ಎಲ್ಲಿಂದ ಬರಬೇಕು? ಕೊಡಬಲ್ಲ ಗಂಡುಮಕ್ಕಳು ಸುಗ್ಗಿ ಮುಗಿದ ಮೇಲೆ ಬೆಂಗಳೂರು, ಗೋವಾ, ಮುಂಬೈ ಕಡೆ ಗುಳೆ ಹೋಗಿರುತ್ತಾರೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರಿನ ಬಿಸಿಲಿಗೆ ಮನೆಯಿಂದ ಹೊರಬರುವವರೇ ಇಲ್ಲ. ಕಾಲೇಜುಗಳಿಗೂ ಆಗ ಪರೀಕ್ಷೆ, ರಜೆ.

ಶಿಬಿರಗಳು ಇಲ್ಲವೆಂದಲ್ಲ. ನಾಯಕರ ಹುಟ್ಟುಹಬ್ಬಕ್ಕೆ, ಜಯಂತಿಗಳಿಗೆ, ಜಾತ್ರೆಗಳಿಗೆ ಒಂದೇ ದಿನ ನೂರಾರು ಚೀಲ ಸಂಗ್ರಹವಾಗುತ್ತದೆ. ಕೊಡುವವರ ಮನಸ್ಸು ದೊಡ್ಡದು, ಅದಕ್ಕೆ ಕೈಮುಗಿಯುತ್ತೇನೆ. ಆದರೆ ಕೆಂಪುಕಣಗಳ ಆಯುಸ್ಸು ಫ್ರಿಜ್‌ನಲ್ಲಿ 35 ದಿನ, ಹೆಚ್ಚಿನ ಪೋಷಕ ದ್ರಾವಣ ಸೇರಿಸಿದರೆ 42 ದಿನ. ಪ್ಲೇಟ್‌ಲೆಟ್‌ಗಳದು ಐದೇ ದಿನ. ಡೆಂಗಿ ಕಾಲದಲ್ಲಿ ಅವಕ್ಕೆ ಎಳೆದಾಟ. ಪ್ಲಾಸ್ಮಾವನ್ನು ಮಾತ್ರ ಹೆಪ್ಪುಗಟ್ಟಿಸಿ ವರ್ಷ ಇಡಬಹುದು. ಒಂದೇ ದಿನ ಐನೂರು ಜನ ಕೊಟ್ಟು, ಮುಂದಿನ ಮೂರು ತಿಂಗಳು ಯಾರೂ ಕೊಡದಿದ್ದರೆ ಮೊದಲ ತಿಂಗಳು ಉಕ್ಕಿ ಹರಿದು, ಎರಡನೆಯ ತಿಂಗಳ ನಡುವಿಗೆ ತಳ ಕಾಣುತ್ತದೆ. ಗಂಡಸರು 90 ದಿನಕ್ಕೊಮ್ಮೆ, ಹೆಂಗಸರು 120 ದಿನಕ್ಕೊಮ್ಮೆ ಕೊಡಬಹುದು. ಐನೂರು ಜನ ಒಂದೇ ದಿನ ಬರುವ ಬದಲು ವಾರಕ್ಕೆ ನಲವತ್ತು ಜನರಂತೆ ಬಂದರೆ ಅಷ್ಟೇ ಜನ, ಅಷ್ಟೇ ರಕ್ತ, ಆದರೆ ಫ್ರಿಜ್ ಯಾವ ವಾರವೂ ಬರಿದಾಗುವುದಿಲ್ಲ. ತೋರಣಗಲ್ಲಿನ ಉಕ್ಕಿನ ಕಾರ್ಖಾನೆ, ಶಕ್ತಿನಗರದ ವಿದ್ಯುತ್ ಸ್ಥಾವರ, ಹಟ್ಟಿಯ ಚಿನ್ನದ ಗಣಿ, ಗಂಗಾವತಿ ಮತ್ತು ಸಿಂಧನೂರಿನ ಅಕ್ಕಿ ಗಿರಣಿಗಳು: ವರ್ಷವಿಡೀ ಆರೋಗ್ಯವಂತ ಗಂಡಾಳುಗಳು ಒಂದೆಡೆ ಸೇರುವ ಜಾಗಗಳು ನಮ್ಮಲ್ಲಿ ಬೇಕಾದಷ್ಟಿವೆ. ಗುಂಪಿನ ಪ್ರಕಾರ ಪಟ್ಟಿ ಮಾಡಿ, ಸರದಿ ಗೊತ್ತುಮಾಡಿ ಕರೆಯುವವರು ಬೇಕು.

ಬಳ್ಳಾರಿಯಲ್ಲಿ 1961ರಿಂದ ವೈದ್ಯಕೀಯ ಕಾಲೇಜು ಇದೆ. ರಾಯಚೂರು, ಕೊಪ್ಪಳಕ್ಕೂ ಈಗ ಬಂದಿವೆ. ಆದರೆ ಹೆರಿಗೆ ಜಿಲ್ಲಾ ಕೇಂದ್ರವನ್ನು ಕಾಯುವುದಿಲ್ಲ. ತೀವ್ರ ರಕ್ತಸ್ರಾವವಾದ ಬಾಣಂತಿಯನ್ನು ಉಳಿಸಲು ಇರುವ ಅವಧಿ ಸುಮಾರು ಎರಡು ತಾಸು. ದೇವದುರ್ಗದಿಂದಲೋ ಯಲಬುರ್ಗಾದಿಂದಲೋ ಸಿರುಗುಪ್ಪದಿಂದಲೋ ಆಂಬುಲೆನ್ಸ್ ಹೊರಟು, ಊರು ಮುಟ್ಟಿ, ಪರೀಕ್ಷೆ ಮುಗಿಯುವಷ್ಟರಲ್ಲಿ ಅದು ಮುಗಿದಿರುತ್ತದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ರಕ್ತ ಸಂಗ್ರಹ ಘಟಕ ಇಡಬೇಕು ಎಂಬ ಯೋಜನೆ ಇದಕ್ಕಾಗಿಯೇ ಬಂದದ್ದು. ಅಲ್ಲಿ ರಕ್ತ ತೆಗೆಯುವುದಿಲ್ಲ, ದೊಡ್ಡ ರಕ್ತನಿಧಿಯಿಂದ ಪರೀಕ್ಷಿಸಿದ ಚೀಲಗಳು ಬಂದಿರುತ್ತವೆ. ಬೇಕಾದದ್ದು ಒಂದು ಫ್ರಿಜ್, ನಿಲ್ಲದ ವಿದ್ಯುತ್ತು, ಹಗಲೂ ರಾತ್ರಿ ಹೊಂದಾಣಿಕೆ ನೋಡಬಲ್ಲ ಒಬ್ಬ ತಂತ್ರಜ್ಞ. ಫ್ರಿಜ್ ಕೊಳ್ಳುವುದು ಸುಲಭ. ರಾತ್ರಿ ಪಾಳಿಯ ತಂತ್ರಜ್ಞನ ಹುದ್ದೆ ಭರ್ತಿ ಮಾಡುವುದೇ ಕಷ್ಟ. ಸಂವಿಧಾನದ 371(ಜೆ) ವಿಧಿಯ ಅಡಿಯಲ್ಲಿ ಈ ಭಾಗಕ್ಕೆ ವಿಶೇಷ ಸ್ಥಾನಮಾನ ಪಡೆದ ನಾವು ಜನಪ್ರತಿನಿಧಿಗಳನ್ನು ಕಟ್ಟಡ ಎಷ್ಟು ಎಂದು ಕೇಳುವಷ್ಟೇ ಗಟ್ಟಿಯಾಗಿ ಈ ಹುದ್ದೆಯ ಬಗ್ಗೆಯೂ ಕೇಳಬೇಕು.

ಕೆಲವು ಅಪಾಯಗಳು ತಿಂಗಳುಗಳ ಮುಂಚೆಯೇ ಕಾಣಿಸುತ್ತವೆ. ತಾಯಿ ಕಾರ್ಡಿನಲ್ಲಿ ಬಸುರಿಯ ರಕ್ತದ ಗುಂಪು ಬರೆದಿರುತ್ತದೆ. ಅವಳು ನೆಗೆಟಿವ್, ಗಂಡ ಪಾಸಿಟಿವ್ ಆಗಿದ್ದರೆ ಕೂಸು ಪಾಸಿಟಿವ್ ಆಗಬಹುದು. ಹೆರಿಗೆಯ ಹೊತ್ತಿನಲ್ಲಿ ಕೂಸಿನ ರಕ್ತ ತಾಯಿಯೊಳಗೆ ಸೇರಿ ಪ್ರತಿಕಾಯ ಬೆಳೆದರೆ, ಚೊಚ್ಚಲ ಕೂಸಿಗೆ ಸಾಮಾನ್ಯವಾಗಿ ಏನೂ ಆಗದು, ಎರಡನೆಯದಕ್ಕೆ ಕಾಮಾಲೆ, ರಕ್ತಹೀನತೆ, ಕೆಲವೊಮ್ಮೆ ಹೊಟ್ಟೆಯಲ್ಲೇ ಸಾವು. ಹೆರಿಗೆಯಾದ 72 ತಾಸಿನೊಳಗೆ ಆಂಟಿ-ಡಿ ಚುಚ್ಚುಮದ್ದು ಕೊಟ್ಟರೆ ಬಹುಪಾಲು ತಪ್ಪಿಸಬಹುದು. ಗರ್ಭಪಾತವಾದಾಗಲೂ ಇದು ಬೇಕು. ಅದನ್ನು ಮರೆಯುವವರೇ ಹೆಚ್ಚು. ಇದನ್ನೇ ಅರೆಬರೆ ಕೇಳಿಸಿಕೊಂಡು, ‘ಗಂಡ ಹೆಂಡತಿಗೆ ಒಂದೇ ಗುಂಪು ಇರಬಾರದಂತೆ’ ಎಂದು ಸಂಬಂಧ ಮುರಿದ ಮನೆಗಳನ್ನು ನಾನು ಕಂಡಿದ್ದೇನೆ. ಒಂದೇ ಗುಂಪಾದರೆ ಯಾವ ತೊಂದರೆಯೂ ಇಲ್ಲ. ನೆಗೆಟಿವ್ ಹುಡುಗಿಯನ್ನು ಬೇಡವೆನ್ನುವುದಂತೂ ಅನ್ಯಾಯ. ಒಂದು ಚುಚ್ಚುಮದ್ದಿನಲ್ಲಿ ಮುಗಿಯುವ ಮಾತಿಗೆ ಅವಳ ಬಾಳನ್ನು ಅಡ ಇಡುವುದೇ?

ಗುಂಪಿನ ಬಗ್ಗೆ ಇಷ್ಟು ಚೌಕಾಶಿ ಮಾಡುವ ನಾವು, ಅಕ್ಕನ ಮಗಳನ್ನು ತಂದುಕೊಳ್ಳುವಾಗ ಒಂದು ಕ್ಷಣವೂ ಯೋಚಿಸುವುದಿಲ್ಲ. ಕರ್ನಾಟಕದಲ್ಲಿ ಸುಮಾರು ನಾಲ್ಕರಲ್ಲಿ ಒಂದು ಮದುವೆ ನೆಂಟರೊಳಗೇ ಆಗುತ್ತದೆ. ಒಂದೇ ಮನೆತನದಲ್ಲಿ ಅಡಗಿದ್ದ ಅಪರೂಪದ ಗುಣ ಅಪ್ಪ ಅವ್ವ ಇಬ್ಬರಿಂದಲೂ ಬಂದು ಸೇರುವುದು ಇಂಥಲ್ಲೇ ಹೆಚ್ಚು. ಥಲಸ್ಸೇಮಿಯಾ ಹಾಗೆ ಬರುತ್ತದೆ. ಬಾಂಬೆ ಗ್ರೂಪ್ ಕೂಡ ಹಾಗೆಯೇ. 1952ರಲ್ಲಿ ಡಾ. ವೈ.ಎಂ. ಭೇಂಡೆ ಮತ್ತು ಸಂಗಡಿಗರು ಬಾಂಬೆಯಲ್ಲಿ ಇದನ್ನು ಗುರುತಿಸಿದರು. ಎ, ಬಿ ಗುರುತುಗಳು ನಿಲ್ಲುವ ಎಚ್ ಎಂಬ ಅಡಿಪಾಯವೇ ಇವರ ಕಣಗಳ ಮೇಲೆ ಇರುವುದಿಲ್ಲ. ಭಾರತದಲ್ಲಿ ಸುಮಾರು ಹತ್ತು ಸಾವಿರಕ್ಕೊಬ್ಬರು ಇಂಥವರು. ಹಂಚಿನ ಪರೀಕ್ಷೆಯಲ್ಲಿ ಇವರು ಒ ಎಂದೇ ಕಾಣುತ್ತಾರೆ, ಕಾರ್ಡಿನ ಮೇಲೂ ಒ ಎಂದೇ ಬರೆದಿರುತ್ತದೆ. ಆದರೆ ಒ ಕಣಗಳ ಮೇಲೆ ಎಚ್ ಇರುವುದರಿಂದ, ಒ ರಕ್ತ ಏರಿಸಿದರೆ ಇವರು ಸಾಯಬಹುದು. ರಕ್ತದ್ರವವನ್ನು ಒ ಕಣಗಳೊಡನೆ ಬೆರೆಸಿ ನೋಡಿದಾಗ ಮಾತ್ರ ಗುಟ್ಟು ಬಯಲಾಗುತ್ತದೆ. ಇವರಿಗೆ ದಾನಿ ಹುಡುಕುವಾಗ ಮಾತ್ರ ಒಡಹುಟ್ಟಿದವರನ್ನೇ ಮೊದಲು ಪರೀಕ್ಷಿಸಬೇಕು. ಹಾಗಾಗಿ ‘ಕಾರ್ಡಿನಲ್ಲಿ ಒ ಎಂದಿದೆಯಲ್ಲ, ಬೇಗ ಕೊಡಿ’ ಎಂದು ಕಿಟಕಿ ಬಡಿಯುವಾಗ ಈ ಹತ್ತು ಸಾವಿರದಲ್ಲಿ ಒಬ್ಬರನ್ನು ನೆನೆಯಬೇಕು.

ಆ ರಾತ್ರಿ ಮುಂದೇನಾಯಿತು ಎಂದು ಹೇಳಿಬಿಡುತ್ತೇನೆ. ರೈತರು ಆಟೋದಲ್ಲಿ ಮರಳಿ ಹೋದ ಕೂಡಲೇ ತಂತ್ರಜ್ಞೆ ಚೀಟಿಯಲ್ಲಿದ್ದ ಆಸ್ಪತ್ರೆಯ ನಂಬರಿಗೆ ಕರೆ ಮಾಡಿ ವೈದ್ಯರೊಡನೆ ಮಾತಾಡಿದರು. ಹೊಸ ಟ್ಯೂಬಿನ ಮೇಲೆ ಏನೇನು ಬರೆಯಬೇಕು ಎಂದು ಒಂದೊಂದಾಗಿ ಹೇಳಿದರು. ತೀರ ತುರ್ತಾದರೆ ವೈದ್ಯರು ಸಹಿ ಹಾಕಿ ಕೇಳಿದಾಗ, ಪೂರ್ತಿ ಪರೀಕ್ಷೆಗೆ ಕಾಯದೆ ಒ ಗುಂಪಿನ ಕೆಂಪುಕಣ ಕೊಡಲು ದಾರಿ ಇದೆ. ಆ ಕಾಗದವನ್ನೂ ಕಳಿಸಿರಿ ಎಂದರು. ಅರ್ಧ ತಾಸಿನಲ್ಲಿ ಆಸ್ಪತ್ರೆಯವರೇ ಒಬ್ಬ ಹುಡುಗನ ಕೈಯಲ್ಲಿ ಥರ್ಮಾಕೋಲ್ ಪೆಟ್ಟಿಗೆ, ಟ್ಯೂಬು, ಸಹಿ ಹಾಕಿದ ಕಾಗದ ಕೊಟ್ಟು ಕಳಿಸಿದರು. ಮೊದಲ ಚೀಲ ಹೊರಟಿತು, ಪರೀಕ್ಷೆ ಮುಗಿಸಿದ ಎರಡನೆಯದು ಆಮೇಲೆ.

ಬೆಳಗಿನ ಆರು ಗಂಟೆಗೆ ರೈತರು ಮತ್ತೆ ಬಂದರು. ಹೆಂಡತಿ ಕಣ್ಣು ಬಿಟ್ಟಿದ್ದಾಳೆ, ನೀರು ಕೇಳಿದಳು ಎಂದರು. ತೋಳು ಮಡಚಿ, ‘ಈಗ ನನ್ನದು ತೆಗೆದುಕೊಳ್ಳಿ ತಾಯಿ, ಯಾರಿಗಾದರೂ ಆಗಲಿ’ ಎಂದು ಕಿಟಕಿಯ ಮುಂದೆ ನಿಂತರು. ತಂತ್ರಜ್ಞೆ ಅವರ ಮುಖ ನೋಡಿ, ‘ರಾತ್ರಿ ಉಂಡಿದ್ದೀರಾ ಅಣ್ಣಾ?’ ಎಂದು ಕೇಳಿದರು. ಇಲ್ಲವೆಂದು ತಲೆಯಾಡಿಸಿದರು. ಹಸಿದವರ, ನಿದ್ದೆಗೆಟ್ಟವರ ರಕ್ತ ತೆಗೆಯುವಂತಿಲ್ಲ. ಊಟ ಮಾಡಿ, ಒಂದು ರಾತ್ರಿ ಚೆನ್ನಾಗಿ ಮಲಗಿ ಬನ್ನಿ ಎಂದು ಹೇಳಿ, ಒಂದು ಚೀಟಿಯ ಮೇಲೆ ರಕ್ತನಿಧಿಯ ಫೋನ್ ನಂಬರ್ ಬರೆದು ಕೊಟ್ಟರು. ಅವರು ಅದನ್ನು ಅದೇ ಕರವಸ್ತ್ರದಲ್ಲಿ ಮಡಚಿ ಜೇಬಿಗೆ ಇಟ್ಟುಕೊಂಡರು.